ಕೊರೋಚಿಯಿಂದ ಕಡಲಿಗೆ: ಐವರಿಗೆ ಎರಡು ಟಿಕೆಟ್

ಕೊಲ್ಹಾಪುರದಿಂದ ಇಚಲಕರಂಜಿಯ ಬದಿಗೆ ಹಾದುಬರುವ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಆ ನೀರು ಆಲಮಟ್ಟಿಯನ್ನು ದಾಟಿ, ತೆಲುಗು ನಾಡನ್ನು ಹಾದು, ಸಾವಿರಕ್ಕೂ ಹೆಚ್ಚು ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕೊರೋಚಿಯವರಿಗೆ ಪಶ್ಚಿಮದ ಕಡಲಾದರೋ ಇರುವುದು ಸುಮಾರು 160 ಕಿಲೋಮೀಟರು ದೂರದಲ್ಲಿ. ನಡುವೆ ಸಹ್ಯಾದ್ರಿ ನಿಂತಿರುವುದರಿಂದ ನೀರು ಹತ್ತಿರದ ದಾರಿಯನ್ನು ಬಿಟ್ಟು ದೂರದ ದಾರಿಯನ್ನು ಹಿಡಿಯಿತು. ಮನುಷ್ಯರಿಗೆ ಆ ನಿರ್ಬಂಧವಿಲ್ಲ. ಘಟ್ಟ ಇಳಿಯುವ ಕೆಂಪು ಬಸ್ಸು ಪ್ರತಿದಿನವೂ ಓಡುತ್ತದೆ. ಹಾಗಿದ್ದರೂ ಮಗ್ಗದ ದುಡಿಮೆಯ ಮನೆಗಳಲ್ಲಿ ಕಡಲನ್ನು ಪಾಠದ ಪುಟದಲ್ಲಿ ಮಾತ್ರ ಕಂಡ ಮಕ್ಕಳು ಇದ್ದಾರೆ. ನರಸೋಬಾವಾಡಿಯ ಸಂಗಮಕ್ಕೆ ಹತ್ತಾರು ಸಲ ಹೋಗಿಬಂದು, ಕಡಲನ್ನು ಒಮ್ಮೆಯೂ ನೋಡದ ಅಜ್ಜಿಯರೂ ಇದ್ದಾರೆ.

ಕಾರಣ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಬಾಡಿಗೆ ಗಾಡಿಯ ಖರ್ಚು. ಸಮುದ್ರಕ್ಕೆ ಹೋಗುವುದೆಂದರೆ ಜೀಪು ಗೊತ್ತುಮಾಡುವುದು, ನಾಲ್ಕು ಮನೆಯವರು ಕೂಡಿಕೊಳ್ಳುವುದು, ಅದಕ್ಕಾಗಿ ವರ್ಷವಿಡೀ ಹಣ ಕೂಡಿಸುವುದು ಎಂಬ ಭಾವನೆ ಬೇರೂರಿದೆ. ಸಾರ್ವಜನಿಕ ಸಾರಿಗೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದವರು ಕಡಿಮೆ. ಈ ಲೇಖನದ ಉದ್ದೇಶ ಆ ಲೆಕ್ಕವನ್ನು ಹಾಕಿ ತೋರಿಸುವುದು.

ಮೊದಲು ದಾರಿ. ಕೊರೋಚಿ ಇಚಲಕರಂಜಿಯಿಂದ ಹಾತಕಣಂಗಲೆಗೆ ಹೋಗುವ ರಸ್ತೆಯ ಮೇಲಿದೆ. ಹಾತಕಣಂಗಲೆಯನ್ನು ಹಾದುಹೋಗುವ ಹೆದ್ದಾರಿ 166ನೆಯ ರಾಷ್ಟ್ರೀಯ ಹೆದ್ದಾರಿ. ಜನರ ಬಾಯಲ್ಲಿ ಅದಕ್ಕೆ ಮಿರ್ಯಾ-ನಾಗಪುರ ಮಾರ್ಗವೆಂಬ ಹೆಸರು. ನಾಗಪುರ ಎಲ್ಲರಿಗೂ ಗೊತ್ತು. ಮಿರ್ಯಾ ಎಂದರೇನು ಎಂದು ಕೇಳಿದರೆ ಹೇಳುವವರು ಸಿಗುವುದು ಅಪರೂಪ. ಅದು ರತ್ನಾಗಿರಿ ನಗರಕ್ಕೆ ಅಂಟಿಕೊಂಡ ಕಡಲಂಚಿನ ಊರು, ಮೀನುಗಾರರ ನೆಲೆ. ಅಂದರೆ ದಿನವೂ ಸಾಂಗಲಿಗೋ ಕೊಲ್ಹಾಪುರಕ್ಕೋ ಹೋಗಲು ಹತ್ತುವ ರಸ್ತೆಯ ಒಂದು ತುದಿಯಲ್ಲಿ ಅಲೆಗಳಿವೆ. ಶಿರೋಲಿ, ಕೊಲ್ಹಾಪುರ, ಬಾಂಬವಡೆ, ಮಲಕಾಪುರ, ಆಂಬಾ, ಆಮೇಲೆ ಆಂಬಾ ಘಟ್ಟದ ಇಳಿಜಾರು, ಸಾಖರಪಾ, ಪಾಲಿ, ಮುಂಬಯಿ-ಗೋವೆಯ ಹೆದ್ದಾರಿಯನ್ನು ದಾಟುವ ಹಾತಖಂಬಾ, ಕೊನೆಗೆ ರತ್ನಾಗಿರಿ. ಕೊಲ್ಹಾಪುರದಿಂದ ಇದು ಸುಮಾರು 130 ಕಿಲೋಮೀಟರು. ಘಟ್ಟದ ದಾರಿಯಾದ್ದರಿಂದ ಬಸ್ಸಿಗೆ ನಾಲ್ಕು ಗಂಟೆ ಹಿಡಿಯುತ್ತದೆಂದು ಎಣಿಸಿಕೊಳ್ಳಬೇಕು.

ಈಗ ಟಿಕೆಟ್ಟಿನ ಲೆಕ್ಕ. ಒಂದು ಮನೆಯಲ್ಲಿ ಐವರು ಇದ್ದಾರೆನ್ನೋಣ: 76 ವರ್ಷದ ಅಜ್ಜಿ, ತಂದೆ, ತಾಯಿ, ಕನ್ನಡ ಶಾಲೆಯ ಐದನೆಯ ಇಯತ್ತೆಯಲ್ಲಿರುವ ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮಹಾರಾಷ್ಟ್ರ ರಾಜ್ಯ ಮಾರ್ಗ ಪರಿವಹನ ಮಹಾಮಂಡಳ, ಎಂದರೆ ಜನರ ಎಸ್.ಟಿ., 75 ವರ್ಷ ದಾಟಿದವರಿಗೆ 2022ರ ಆಗಸ್ಟ್‌ನಿಂದ ಉಚಿತ ಪ್ರಯಾಣ ಕೊಟ್ಟಿದೆ. ಅದಕ್ಕೆ ಅಮೃತ ಜ್ಯೇಷ್ಠ ನಾಗರಿಕ ಯೋಜನೆ ಎಂದು ಹೆಸರು. 65ರಿಂದ 75ರವರೆಗಿನವರಿಗೆ ಅರ್ಧ ದರ. ಮಹಿಳೆಯರಿಗೆ ಮಹಿಳಾ ಸನ್ಮಾನ ಯೋಜನೆಯಡಿ 2023ರ ಮಾರ್ಚ್ 17ರಿಂದ ಅರ್ಧ ದರ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ಟಿಲ್ಲ, ಐದರಿಂದ ಹನ್ನೆರಡರವರೆಗೆ ಅರ್ಧ. ಹೀಗೆ ಅಜ್ಜಿಗೆ ಸೊನ್ನೆ, ತಂದೆಗೆ ಒಂದು, ತಾಯಿಗೆ ಅರ್ಧ, ಮಗಳಿಗೆ ಅರ್ಧ, ಮಗನಿಗೆ ಸೊನ್ನೆ. ಐವರು ಕೂಡಿ ಎರಡು ಪೂರ್ಣ ಟಿಕೆಟ್ಟಿನ ಹಣದಲ್ಲಿ ಕಡಲನ್ನು ಮುಟ್ಟುತ್ತಾರೆ. ಮಗಳು ಹೆಣ್ಣಾದ ಕಾರಣ ಅವಳ ಅರ್ಧ ಮತ್ತೆ ಅರ್ಧವಾಗುತ್ತದೆಯೇ ಎಂದು ಕೇಳುವವರುಂಟು. ಆಗುವುದಿಲ್ಲ, ಒಬ್ಬರಿಗೆ ಒಂದೇ ರಿಯಾಯಿತಿ.

2025ರ ಜನವರಿಯಲ್ಲಿ ಎಸ್.ಟಿ. ದರ ಶೇಕಡಾ 14.95ರಷ್ಟು ಏರಿತು. ಏರಿದ ದರದಲ್ಲಿಯೂ ಎರಡು ಟಿಕೆಟ್ಟಿನ ಹಣ ಬಾಡಿಗೆ ಗಾಡಿಯ ಹತ್ತಿರಕ್ಕೂ ಬರುವುದಿಲ್ಲ.

ಈ ಹಕ್ಕುಗಳ ವಿಷಯದಲ್ಲಿ ಗಡಿಯ ಕನ್ನಡಿಗರಲ್ಲಿ ಒಂದು ಹಿಂಜರಿಕೆ ಕಂಡುಬರುತ್ತದೆ. ಮನೆಯ ಮಾತು ಕನ್ನಡವಾದ್ದರಿಂದ ಈ ಸವಲತ್ತು ತಮಗೆ ಸಲ್ಲುವುದೋ ಇಲ್ಲವೋ ಎಂಬ ಸಂಕೋಚ ಅದು. ಸಂಕೋಚಕ್ಕೆ ಆಧಾರವಿಲ್ಲ. ವಯಸ್ಸಿನ ರಿಯಾಯಿತಿಗೆ ಬೇಕಾದುದು ವಯಸ್ಸಿನ ಪುರಾವೆ, ಸಾಮಾನ್ಯವಾಗಿ ಆಧಾರ್ ಕಾರ್ಡು; ಮಾತೃಭಾಷೆಯನ್ನು ಯಾರೂ ಕೇಳುವುದಿಲ್ಲ. ಅಜ್ಜಿಯ ಕಾರ್ಡಿನಲ್ಲಿ ವಯಸ್ಸು ತಪ್ಪಾಗಿ ಬಿದ್ದಿದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕೇ ಹೊರತು ಬಸ್ಸಿನಲ್ಲಿ ಕಂಡಕ್ಟರನೊಡನೆ ವಾದಿಸಿ ಫಲವಿಲ್ಲ. ಕಾರ್ಡಿನ ಮೇಲೆ ಏನಿದೆಯೋ ಅದಷ್ಟೇ ಅವನಿಗೆ ಕಾಣುವುದು.

ಇದೇ ಕುಟುಂಬ ಗಡಿಯಾಚೆಯ ಕಡಲಿಗೆ ಹೊರಟರೆ ಲೆಕ್ಕ ಬದಲಾಗುತ್ತದೆ. ಎಸ್.ಟಿ.ಯ ರಿಯಾಯಿತಿ ಮಹಾರಾಷ್ಟ್ರದ ಹದ್ದಿನವರೆಗೆ ಮಾತ್ರ. ಅಲ್ಲಿಂದ ಮುಂದಿನ ಹಾದಿಗೆ ಪೂರ್ಣ ದರ. ಬೆಳಗಾವಿಯ ಮೇಲಿಂದ ಕಾರವಾರಕ್ಕೆ ಹೋಗುವೆನೆಂದು ಕರ್ನಾಟಕದ ಬಸ್ಸು ಹತ್ತಿದರೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸವುಳ್ಳ ಗುರುತಿನ ಚೀಟಿಯಿರುವ ಮಹಿಳೆಯರಿಗಷ್ಟೇ. ಕೊರೋಚಿಯ ತಾಯಿ ಕನ್ನಡದಲ್ಲಿ ಟಿಕೆಟ್ ಕೇಳಿ, ಕನ್ನಡದಲ್ಲಿ ಉತ್ತರ ಪಡೆದು, ಪೂರ್ಣ ಹಣ ತೆರುತ್ತಾಳೆ. ಮಾತು ಒಂದು ಕಡೆ, ವಿಳಾಸ ಇನ್ನೊಂದು ಕಡೆ ಇರುವವರಿಗೆ ಇದು ಹೊಸ ಅನುಭವವೇನಲ್ಲ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ಅನ್ಯಾಯವನ್ನು ಹುಡುಕುವುದು ಕಷ್ಟ. ಒಂದು ರಾಜ್ಯ ತನ್ನ ಬೊಕ್ಕಸದಿಂದ ಕೊಡುವುದನ್ನು ತನ್ನ ನಿವಾಸಿಗಳಿಗೆ ಸೀಮಿತಗೊಳಿಸಬಹುದು. ಆದರೆ ತಮ್ಮ ವಿಳಾಸದ ರಾಜ್ಯ ಕೊಟ್ಟದ್ದನ್ನೂ ಬಳಸದೆ ಬಿಡುವುದು ಜಾಣತನವಲ್ಲ.

ರೈಲಿನ ದಾರಿಯೂ ಒಂದಿದೆ, ಅದನ್ನು ಹೇಳದೆ ಬಿಡುವಂತಿಲ್ಲ. ಇಚಲಕರಂಜಿಗೆ ರೈಲು ನಿಲ್ದಾಣವಿಲ್ಲ, ಹತ್ತಿರದ್ದು ಹಾತಕಣಂಗಲೆ. 1891ರಲ್ಲಿ ತೆರೆದ ಕೊಲ್ಹಾಪುರ-ಮಿರಜ ಮಾರ್ಗದ ಮೇಲಿನ ಈ ನಿಲ್ದಾಣದಿಂದ ಮಿರಜಕ್ಕೆ ಹೋಗಿ, ಅಲ್ಲಿ ಗೋವೆಯ ಗಾಡಿ ಹಿಡಿಯಬೇಕು. ಒಂದು ಕಾಲಕ್ಕೆ ಮೂರು ಅಳತೆಯ ಹಳಿಗಳು ಕೂಡುತ್ತಿದ್ದ ಮಿರಜ ಇಂದಿಗೂ ದೊಡ್ಡ ಕೂಡುನಿಲ್ದಾಣವೇ. ನಿಜಾಮುದ್ದೀನಿನಿಂದ ಬರುವ ಗೋವಾ ಎಕ್ಸ್‌ಪ್ರೆಸ್ ರಾತ್ರಿ ಮಿರಜವನ್ನು ಬಿಟ್ಟು, ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಬೆಳಗಿನ ಜಾವಕ್ಕೆ ವಾಸ್ಕೋ ತಲುಪುತ್ತದೆ. ದೂಧಸಾಗರದ ಜಲಪಾತ ಕತ್ತಲೆಯಲ್ಲಿ ಕಳೆದುಹೋಗುವುದೊಂದೇ ಕೊರತೆ. ವಾಸ್ಕೋದಲ್ಲಿ ಇಳಿದರೆ ಬೈನಾದ ದಡ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ, ಮತ್ತು ಅಲ್ಲಿ ಕಿವಿಗೆ ಕನ್ನಡ ಬೀಳುತ್ತದೆ. ಬಂದರಿನ ಮತ್ತು ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರು ಅಲ್ಲಿ ತಲೆಮಾರುಗಳಿಂದ ಇದ್ದಾರೆ. 2004ರ ಜೂನಿನಲ್ಲಿ ಬೈನಾ ದಡದ ಮನೆಗಳನ್ನು ಕೆಡವಿದಾಗ ನೆಲೆ ಕಳೆದುಕೊಂಡವರಲ್ಲಿ ಕನ್ನಡಿಗರು ಅನೇಕರಿದ್ದರು. ಮಡಗಾವಿನಲ್ಲಿ ಇಳಿದರೆ ಕೋಲ್ವಾದ ದಡಕ್ಕೆ ಬಸ್ಸು ಸಿಗುತ್ತದೆ. ಗೋವೆಯ ಸರಕಾರಿ ಬಸ್ಸಿನ ಹೆಸರು ಕದಂಬ ಎಂಬುದನ್ನು ಮಕ್ಕಳಿಗೆ ತೋರಿಸಿ, ಅದು ಇತಿಹಾಸದ ಪಾಠದಲ್ಲಿ ಓದಿದ ಅದೇ ರಾಜವಂಶದ ಹೆಸರೆಂದು ಹೇಳಬಹುದು.

ಆದರೆ ರೈಲಿನಲ್ಲಿ ಮಹಿಳೆಗೆ ಅರ್ಧ ದರವಿಲ್ಲ. ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಅರ್ಧ ದರ ಸಿಗುವುದು ಬೇರೆ ಮಲಗುವ ಜಾಗ ಕೇಳದಿದ್ದರೆ ಮಾತ್ರ; 2016ರ ಏಪ್ರಿಲ್‌ನಿಂದ ಬೇರೆ ಜಾಗ ಬೇಕೆಂದರೆ ಪೂರ್ಣ ಹಣ. ಹಾಗಾಗಿ ಅದೇ ಐವರಿಗೆ ರೈಲಿನಲ್ಲಿ ಮೂರೂವರೆ ಟಿಕೆಟ್, ಮಗಳಿಗೆ ಜಾಗ ಕೇಳಿದರೆ ನಾಲ್ಕು. ರೈಲಿನ ಮೂಲ ದರವೇ ಕಡಿಮೆಯಾದ್ದರಿಂದ ಮೊತ್ತದಲ್ಲಿ ಇದು ದುಬಾರಿಯೆಂದಲ್ಲ. ಆದರೆ ಎರಡು ರಾತ್ರಿ ಬೇಕು, ಮುಂಗಡ ಕಾಯ್ದಿರಿಸಬೇಕು, ಮಿರಜದಲ್ಲಿ ಅಜ್ಜಿಯನ್ನು ರಾತ್ರಿಯ ಹೊತ್ತು ಸೇತುವೆ ಹತ್ತಿಸಿ ಇಳಿಸಬೇಕು. ಕೊಲ್ಹಾಪುರದಿಂದ ನೇರವಾಗಿ ಕೊಂಕಣಕ್ಕೆ ಇಳಿಯುವ ವೈಭವವಾಡಿ ರೈಲು ಮಾರ್ಗಕ್ಕೆ 2016-17ರ ಮುಂಗಡಪತ್ರದಲ್ಲಿ ಒಪ್ಪಿಗೆ ದೊರೆತದ್ದು ಇನ್ನೂ ಕಾಗದದಿಂದ ಕೆಳಗಿಳಿದಿಲ್ಲ. ಅದು ಆಗುವವರೆಗೂ ಮೊದಲ ಸಲ ಕಡಲಿಗೆ ಹೊರಟವರಿಗೆ ರತ್ನಾಗಿರಿಯ ಬಸ್ಸೇ ಲೇಸು.

ಕೊಲ್ಹಾಪುರದ ಮಧ್ಯವರ್ತಿ ಬಸ್ ನಿಲ್ದಾಣದಲ್ಲಿ ಮಾಡಬೇಕಾದ ಕೆಲಸಗಳು ಎರಡು. ರತ್ನಾಗಿರಿಯ ಬಸ್ಸು ಯಾವ ಫಲಾಟಿನಿಂದ ಹೊರಡುತ್ತದೆಂದು ವಿಚಾರಣೆಯ ಕಿಟಕಿಯಲ್ಲಿ ಕೇಳುವುದು. ಆ ಬಸ್ಸು ವಿನಾವಾಹಕವೋ ಅಲ್ಲವೋ ಎಂದು ನೋಡುವುದು. ವಿನಾವಾಹಕ ಎಂದರೆ ಕಂಡಕ್ಟರನಿಲ್ಲದ ಗಾಡಿ. ಅದಕ್ಕೆ ಟಿಕೆಟ್ಟನ್ನು ನಿಲ್ದಾಣದಲ್ಲಿಯೇ ಪಡೆದು ಹತ್ತಬೇಕು. ಹಲಗೆಗಳೆಲ್ಲ ದೇವನಾಗರಿಯಲ್ಲಿ ಇರುತ್ತವೆ. ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಅವು ಗೆರೆಗಳ ಸಾಲು. ಆದರೆ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೂ ಹಿಂದಿಯನ್ನೂ ಕಲಿಯುತ್ತಾರೆ. ಐದನೆಯ ಇಯತ್ತೆಯ ಹುಡುಗಿ ಹಲಗೆಯನ್ನು ಓದಿ, ಅದನ್ನು ಮನೆಯ ಮಾತಿನಲ್ಲಿ ಅಜ್ಜಿಗೆ ಹೇಳಬಲ್ಲಳು. ಈ ಕೆಲಸವನ್ನು ಅವಳಿಗೇ ಬಿಡುವುದು ಒಳ್ಳೆಯದು. ಕನ್ನಡ ಶಾಲೆಯಲ್ಲಿ ಓದಿದರೆ ಮಹಾರಾಷ್ಟ್ರದಲ್ಲಿ ದಾರಿ ತಿಳಿಯದೆಂದು ಹೆದರಿ ಮಗುವನ್ನು ಬೇರೆ ಮಾಧ್ಯಮಕ್ಕೆ ಹಾಕುವ ಯೋಚನೆಯಲ್ಲಿರುವ ತಂದೆಗೆ, ಆ ನಿಲ್ದಾಣದಲ್ಲಿ ಹತ್ತು ನಿಮಿಷ ಅವಳ ಹಿಂದೆ ನಡೆದರೆ ಸಾಕು.

ಮಲಕಾಪುರ ದಾಟಿದ ಮೇಲೆ ಕಬ್ಬಿನ ಹೊಲಗಳು ಮುಗಿದು ಕಾಡು ಸುರುವಾಗುತ್ತದೆ. ಆಂಬಾ ಘಟ್ಟದಲ್ಲಿ ಕಿಟಕಿಯ ಬದಿ ಕುಳಿತವರಿಗೆ ಕಣಿವೆಗಳು ಕಾಣುತ್ತವೆ; ವಾಂತಿ ಬರುವ ಮಕ್ಕಳಿಗೆ ಹೊರಡುವ ಮುನ್ನ ಹೊಟ್ಟೆತುಂಬ ತಿನ್ನಿಸದಿರುವುದೇ ಮದ್ದು. ಮಳೆಗಾಲದಲ್ಲಿ ಈ ಘಟ್ಟವನ್ನು ನೆಚ್ಚುವಂತಿಲ್ಲ. 2021ರ ಜುಲೈ ತಿಂಗಳ ಮಳೆಗೆ ಇಲ್ಲಿ ರಸ್ತೆ ಕುಸಿದು ಭಾರೀ ವಾಹನಗಳ ಓಡಾಟ ನಿಂತಿತ್ತು. ಕಡಲೂ ಆ ದಿನಗಳಲ್ಲಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯಂತ್ರದ ದೋಣಿಗಳ ಮೀನುಗಾರಿಕೆಯೇ ಜೂನ್ 1ರಿಂದ ಜುಲೈ 31ರವರೆಗೆ ಮಹಾರಾಷ್ಟ್ರದ ಕರಾವಳಿಯಲ್ಲಿ ನಿಷಿದ್ಧ. ದೀಪಾವಳಿಯ ರಜೆಯಿಂದ ಮಾರ್ಚಿನವರೆಗಿನ ಕಾಲ ತಕ್ಕದ್ದು.

ರತ್ನಾಗಿರಿಯಲ್ಲಿ ಇಳಿದವರಿಗೆ ಒಂದಲ್ಲ, ಮೂರು ದಡಗಳಿವೆ. ನಗರಕ್ಕೆ ತೀರ ಹತ್ತಿರದ್ದು ಮಾಂಡವಿ. ಅಲ್ಲಿಯ ಮರಳು ಕಪ್ಪು. ಜನ ಅದನ್ನು ಕಾಳಾ ಸಮುದ್ರ ಎನ್ನುತ್ತಾರೆ. ಉತ್ತರಕ್ಕೆ ಮಿರ್ಯಾದ ಬದಿಯ ದಡದಲ್ಲಿ ಮರಳು ಬಿಳಿ, ಅದು ಪಾಂಢರಾ ಸಮುದ್ರ. ಎರಡರ ನಡುವೆ ಕಡಲಿಗೆ ಚಾಚಿದ ಗುಡ್ಡದ ಮೇಲೆ ರತ್ನದುರ್ಗ, ಭಗವತಿಯ ಗುಡಿ, ದೀಪಸ್ತಂಭ. ದಕ್ಷಿಣಕ್ಕೆ ಕಾಜಳಿ ನದಿಯ ಅಳಿವೆಯ ಸೇತುವೆಯನ್ನು ದಾಟಿದರೆ ಭಾಟ್ಯೆ. ಉದ್ದನೆಯ ಮರಳು, ಸುರುವಿನ ಮರಗಳ ತೋಪು, ತೆಂಗು ಸಂಶೋಧನಾ ಕೇಂದ್ರ. ಮಕ್ಕಳೊಡನೆ ಹೋದವರಿಗೆ ಭಾಟ್ಯೆ ಅನುಕೂಲ: ನೆರಳಿದೆ, ದಡ ಅಗಲವಾಗಿದೆ. ಪಾವಸ ಕಡೆಯ ಬಸ್ಸುಗಳು ಆ ಸೇತುವೆಯ ಮೇಲಿಂದಲೇ ಹೋಗುತ್ತವೆ. ಊರೊಳಗಿನ ಮತ್ತು ಸುತ್ತಲಿನ ಹಳ್ಳಿಗಳ ಬಸ್ಸುಗಳಿಗೆ ರಹಾಟಾಘರ ನಿಲ್ದಾಣದಲ್ಲಿ ಕೇಳಬೇಕು. ಶಹರ ಬಸ್ಸಿಗೆ ಮೇಲಿನ ಎರಡು ಟಿಕೆಟ್ಟಿನ ಲೆಕ್ಕವನ್ನು ಹಿಡಿದುಕೊಂಡು ಹೋಗಬಾರದು. ಅಲ್ಲಿ ಎಲ್ಲರಿಗೂ ಪೂರ್ಣ ದರವೆಂದೇ ಎಣಿಸಿ ಚಿಲ್ಲರೆ ಇಟ್ಟುಕೊಳ್ಳುವುದು ಒಳ್ಳೆಯದು.

ಮಿರ್ಯಾ ನೋಡಲು ಬೇರೆ ಬಗೆಯ ಊರು. ಅಲೆಗಳು ದಡವನ್ನು ತಿನ್ನುತ್ತಿರುವುದರಿಂದ ಅಲ್ಲಿ ಕಲ್ಲಿನ ತಡೆಗೋಡೆ ಕಟ್ಟಿದ್ದಾರೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಬೀಸಿದಾಗ ಬಸರಾ ಸ್ಟಾರ್ ಎಂಬ ಹಡಗು ಇಲ್ಲಿಯ ದಡಕ್ಕೆ ಬಂದು ಸಿಕ್ಕಿಕೊಂಡಿತು. ನಾವಿಕರು ಬದುಕಿದರು, ಹಡಗು ಮಾತ್ರ ತುಕ್ಕು ಹಿಡಿಯುತ್ತ ವರ್ಷಗಟ್ಟಲೆ ಅಲ್ಲಿಯೇ ನಿಂತಿತು. ನಾಗಪುರದವರೆಗೆ ಹೆಸರು ಚಾಚಿದ ಹೆದ್ದಾರಿ ಇಂಥ ಒಂದು ಸಣ್ಣ ಊರಿನಿಂದ ಹೊರಡುತ್ತದೆಂಬುದು ನಕಾಶೆ ನೋಡುವ ಮಕ್ಕಳಿಗೆ ಮೋಜಿನ ಸಂಗತಿಯಾದೀತು. ಸಮಯ ಉಳಿದರೆ ಥೀಬಾ ಅರಮನೆಯಿದೆ. 1885ರಲ್ಲಿ ಬ್ರಿಟಿಷರಿಗೆ ಸೋತು ರಾಜ್ಯ ಕಳೆದುಕೊಂಡ ಬರ್ಮಾದ ಅರಸ ಥೀಬಾ ಮರುವರ್ಷ ರತ್ನಾಗಿರಿಗೆ ಬಂದು 1916ರಲ್ಲಿ ಇಲ್ಲಿಯೇ ತೀರಿಕೊಂಡ. ಅವನಿಗಾಗಿ ಕಟ್ಟಿದ ಅರಮನೆ 1910ರ ಹೊತ್ತಿನದು. ಲೋಕಮಾನ್ಯ ತಿಲಕರು 1856ರಲ್ಲಿ ಹುಟ್ಟಿದ ಮನೆಯೂ ಇದೇ ನಗರದಲ್ಲಿದೆ. ಆದರೆ ಮೊದಲ ಸಲ ಬಂದವರು ಇವನ್ನೆಲ್ಲ ಒಂದೇ ದಿನದಲ್ಲಿ ಮುಗಿಸಲು ಹೋಗಿ ಕಡಲನ್ನು ಕಳೆದುಕೊಳ್ಳಬಾರದು.

ಕಡಲಿನ ಬಳಿ ಹಣ ತೆತ್ತು ಒಳಹೋಗಬೇಕೇ ಎಂಬ ಪ್ರಶ್ನೆಗೆ ಇಟಲಿಯ ಒಂದು ಉದಾಹರಣೆ ಬೆಳಕು ಕೊಡುತ್ತದೆ. ರೋಮ್ ನಗರದವರಿಗೆ ಹತ್ತಿರದ ಕಡಲು ಓಸ್ತಿಯಾ ಎಂಬ ಬಡಾವಣೆಯದು. 1924ರಲ್ಲಿ ತೆರೆದ ರೈಲು ಮಾರ್ಗ ಸುಮಾರು 28 ಕಿಲೋಮೀಟರು ಓಡಿ, ಕ್ರಿಸ್ತೋಫೊರೊ ಕೊಲಂಬೊ ಎಂಬ ಕೊನೆಯ ನಿಲ್ದಾಣದಲ್ಲಿ ಜನರನ್ನು ಮರಳಿನ ಹತ್ತಿರಕ್ಕೆ ಇಳಿಸುತ್ತದೆ. ಅದಕ್ಕೆ ಬೇರೆ ಟಿಕೆಟ್ ಬೇಡ. ನಗರದೊಳಗೆ ಬಸ್ಸಿಗೂ ಮೆಟ್ರೋಗೂ ನಡೆಯುವ ಸಾಮಾನ್ಯ ಟಿಕೆಟ್ಟೇ ಸಾಕು. ಕೂಲಿಯವನೂ ಶ್ರೀಮಂತನೂ ಒಂದೇ ದರದಲ್ಲಿ ಕಡಲಿಗೆ ಬರುತ್ತಾರೆ. ವಿಚಿತ್ರವೆಂದರೆ ಅಲ್ಲಿ ತೊಡಕು ಆಮೇಲೆ ಸುರುವಾಗುತ್ತದೆ: ದಡದ ಬಹುಭಾಗವನ್ನು ಸ್ನಾನಘಟ್ಟದ ಗುತ್ತಿಗೆದಾರರು ಹಿಡಿದು ಗೋಡೆ ಕಟ್ಟಿಕೊಂಡಿದ್ದಾರೆ. ನೀರಂಚಿಗೆ ಎಲ್ಲರಿಗೂ ಉಚಿತ ಪ್ರವೇಶವೆಂದು ಕಾನೂನು ಹೇಳಿದರೂ ಗೋಡೆಯ ಈಚೆ ನಿಂತವನಿಗೆ ಕಡಲು ಕಾಣುವುದಿಲ್ಲ. ರತ್ನಾಗಿರಿಯಲ್ಲಿ ಇದು ತಿರುವುಮುರುವು. ದಡ ತೆರೆದಿದೆ, 1991ರಲ್ಲಿ ಮೊದಲು ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತದ ಗೆರೆಯ ಹತ್ತಿರ ಕಟ್ಟಡ ಕಟ್ಟುವುದಕ್ಕೆ ಕಡಿವಾಣ ಹಾಕಿದೆ. ಭಾಟ್ಯೆಯ ಮರಳಿನ ಮೇಲೆ ನಡೆಯಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಕಷ್ಟವಿರುವುದು ಅಲ್ಲಿಗೆ ಬರುವ ದಾರಿಯಲ್ಲಿ, ಅದಕ್ಕೇ ಈ ಎರಡು ಟಿಕೆಟ್ಟಿನ ಲೆಕ್ಕ.

ಶಾಲೆಗಳಿಗೂ ಇದರಲ್ಲಿ ಪಾಲಿದೆ. ಮಾನ್ಯತೆ ಪಡೆದ ಶಾಲೆಯ ಶೈಕ್ಷಣಿಕ ಸಹಲಿಗೆ ಎಸ್.ಟಿ. ಬಸ್ಸನ್ನು ಅರ್ಧ ದರದಲ್ಲಿ ಕೊಡುತ್ತದೆ. ಶಾಲೆಯ ಮಾಧ್ಯಮ ಅದಕ್ಕೆ ಅಡ್ಡ ಬರುವುದಿಲ್ಲ. ಮುಖ್ಯಾಧ್ಯಾಪಕರು ಆಗಾರ ವ್ಯವಸ್ಥಾಪಕರಿಗೆ ಅರ್ಜಿ ಕೊಡಬೇಕು. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಸವಲತ್ತು ನಿರಾಕರಿಸಿದರೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಬರೆದು ಜೊತೆಗೊಂದು ಮರಾಠಿ ಪ್ರತಿ ಇಟ್ಟರೆ ಹಕ್ಕೂ ಉಳಿಯುತ್ತದೆ, ಉತ್ತರವೂ ಬರುತ್ತದೆ. ಹಳ್ಳಿಯ ಹುಡುಗಿಯರಿಗೆ ಶಾಲೆಗೆ ಹೋಗಿಬರಲು ಕೊಡುವ ಅಹಿಲ್ಯಾಬಾಯಿ ಹೋಳಕರ ಉಚಿತ ಪಾಸು ಮಾತ್ರ ಈ ಪ್ರವಾಸಕ್ಕೆ ನಡೆಯದು. ಅದು ಮನೆ ಮತ್ತು ಶಾಲೆಯ ನಡುವಿನ ಹಾದಿಗಷ್ಟೇ.

ಇನ್ನು ನೀರಿಗಿಳಿಯುವ ಮಾತು. ಬಾವಿಯಲ್ಲಿ, ಪಂಚಗಂಗೆಯಲ್ಲಿ ಈಜಿ ಬಲ್ಲವರೂ ಕಡಲಿನಲ್ಲಿ ಹೊಸಬರೇ. ಭರತ ಮತ್ತು ಇಳಿತಗಳು ದಿನಕ್ಕೆ ಎರಡೆರಡು ಸಲ ಬರುತ್ತವೆ, ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತವೆ; ಹೀಗಾಗಿ ಹಿಂದಿನ ದಿನ ಯಾರೋ ನಿಂತ ಜಾಗ ಅದೇ ಹೊತ್ತಿಗೆ ಇಂದೂ ಸುರಕ್ಷಿತವೆನ್ನಲಾಗದು. ಇಳಿತದ ಹೊತ್ತಿಗೆ ನೀರು ಒಳಕ್ಕೆ ಎಳೆಯುತ್ತದೆ. ಮಕ್ಕಳನ್ನು ಮೊಣಕಾಲಿನ ಮೇಲಕ್ಕೆ ಇಳಿಯಗೊಡಬಾರದು. ಅಳಿವೆಯ ಬಾಯಿಗಂತೂ ಯಾರೂ ಹೋಗಬಾರದು. ದಡದ ಮೀನುಗಾರರನ್ನು ಒಂದು ಮಾತು ಕೇಳಿದರೆ ಅವರು ಸರಿಯಾದ ಜಾಗವನ್ನು ಬೆರಳು ಮಾಡಿ ತೋರಿಸುತ್ತಾರೆ.

ಬೆಳಿಗ್ಗೆ ಐದಕ್ಕೆ ಕೊರೋಚಿ ಬಿಟ್ಟವರು ಹನ್ನೊಂದರ ಸುಮಾರಿಗೆ ರತ್ನಾಗಿರಿಯಲ್ಲಿರಬಹುದು. ಅದೇ ದಿನ ಹಿಂದಿರುಗುವುದು ಸಾಧ್ಯ, ಆದರೆ ಅಜ್ಜಿಗೂ ಸಣ್ಣವನಿಗೂ ಅದು ದಣಿವು. ಒಂದು ರಾತ್ರಿ ಉಳಿದರೆ ಸಂಜೆಯ ಸೂರ್ಯನೂ ಸಿಗುತ್ತಾನೆ. ಹೇಗಿದ್ದರೂ ಇಳಿದ ಕೂಡಲೇ, ಕಡಲಿನ ಕಡೆಗೆ ಹೊರಡುವ ಮೊದಲು, ಕೊಲ್ಹಾಪುರಕ್ಕೆ ಹಿಂದಿರುಗುವ ಬಸ್ಸುಗಳ ವೇಳೆಯನ್ನೂ ಕೊನೆಯ ಬಸ್ಸಿನ ವೇಳೆಯನ್ನೂ ಬರೆದುಕೊಳ್ಳಬೇಕು. ಒಣ ಬಟ್ಟೆಯ ಒಂದು ಗಂಟು ಬೇರೆ ಇರಲಿ; ಒದ್ದೆಯಲ್ಲಿ ಘಟ್ಟ ಹತ್ತಿದರೆ ಮಕ್ಕಳಿಗೆ ಚಳಿ ತಪ್ಪದು. ಬಸ್ಸಿನಲ್ಲಿ ಕಂಡಕ್ಟರ್ ಅಜ್ಜಿಗೂ ಒಂದು ಚೀಟಿ ಹರಿದುಕೊಡುತ್ತಾನೆ, ಅದರ ಮೇಲೆ ಮೊತ್ತ ಸೊನ್ನೆ ಎಂದಿರುತ್ತದೆ. ಹಣವಿಲ್ಲದ ಚೀಟಿಯೆಂದು ಅದನ್ನು ಕಿಟಕಿಯಿಂದ ಬಿಸಾಡುವವರಿದ್ದಾರೆ. ತಪಾಸಣೆಯವರು ನಡುದಾರಿಯಲ್ಲಿ ಹತ್ತಿದರೆ ಆಧಾರ್ ಕಾರ್ಡಿನ ಜೊತೆಗೆ ಕೇಳುವುದು ಅದನ್ನೇ. ಇಳಿಯುವವರೆಗೂ ಸೆರಗಿನ ಗಂಟಿನಲ್ಲಿ ಇರಲಿ.